ಡಬ್ಬಿಯ ನೀಲಿ ಮತ್ತು ಮೊಮ್ಮಗನ ನಾಲಿಗೆ

ನನ್ನ ಮೊಮ್ಮಗ ಇವತ್ತು ಬೆಳಿಗ್ಗೆ ನೀರು ನುಂಗಿದ! ಒಂದಲ್ಲ, ಮೂರು ಗುಟುಕು! ಮೂರು ದಿನದಿಂದ ಉಗುಳನ್ನೂ ನುಂಗಲಾರದೆ ಬಿದ್ದಿದ್ದವನು. ಅಕ್ಷರ ಕೂಡಿಸಿ ಕೂಡಿಸಿ ಬರೆಯುವವನು ನಾನು. ಆದರೂ ಬರೆಯದೆ ಇರಲಾರೆ.

ಇಳಕಲ್ಲಿನಲ್ಲಿ ನೂಲಿಗೆ ನೀಲಿ ಅದ್ದುವ ಮನೆತನ ನಮ್ಮದು. ಹಿತ್ತಲಲ್ಲಿ ನೆಲಕ್ಕೆ ಹೂತ ಮಣ್ಣಿನ ಹರವಿಗಳು. ಅದರಲ್ಲಿ ನೀಲಿ, ಸುಣ್ಣ, ಬೆಲ್ಲ ಕೂಡಿ ಹುಳಿತು ಹದಕ್ಕೆ ಬಂತೋ ಇಲ್ಲವೋ ಎಂದು ನಾವು ನೋಡುವುದು ನಾಲಿಗೆಯಿಂದ. ಸುಣ್ಣ ಹೆಚ್ಚಾದರೆ ಚುರುಕ್ಕೆನ್ನುತ್ತದೆ. ನನಗೆ ನಮ್ಮಪ್ಪ ಕಲಿಸಿದ, ಮೊಮ್ಮಗನಿಗೆ ನಾನು ಕಲಿಸಿದೆ.

ಪರದೇಶದ ಬಣ್ಣದ ಕಂಪನಿಯೊಂದು ಮುಂಬೈಯಲ್ಲಿ ಹಿಂದೂಸ್ತಾನಕ್ಕೆಂದೇ ಕಚೇರಿ ತೆರೆದಾಗ ನನ್ನ ಮೀಸೆ ಇನ್ನೂ ಕಪ್ಪಿತ್ತು. ಅವರ ಏಜೆಂಟ ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು, ಗುಳೇದಗುಡ್ಡದ ನೇಕಾರರಿಗೆ ಕೆಂಪು ಬಣ್ಣ ಕೊಟ್ಟು, ಚಕ್ಕಡಿ ಹತ್ತಿ ನಮ್ಮೂರಿಗೆ ಬರುತ್ತಿದ್ದ. ಬಣ್ಣದ ನೂಲಿನ ತುಣುಕು ಅಂಟಿಸಿದ ಪುಸ್ತಕ ಬಿಚ್ಚಿದರೆ ಓಣಿಯೆಲ್ಲ ಮುತ್ತುತ್ತಿತ್ತು. ನಾನು ಮಾತ್ರ ಅವನ ನೀಲಿ ಮುಟ್ಟಲಿಲ್ಲ. ಆಮೇಲೆ ದೊಡ್ಡ ಯುದ್ಧ ಬಂತು. ಕಂಪನಿ ವೈರಿ ದೇಶದ್ದೆಂದು ಸರಕಾರ ಮುಂಬೈ ಕಚೇರಿಗೆ ಬೀಗ ಜಡಿಯಿತು. ಜನ ಕಂಪನಿಯ ಬಣ್ಣದ ಖಾಲಿ ಡಬ್ಬಿಗಳನ್ನೇ ಕೆರೆದು ನೂಲು ಅದ್ದಿದರು. ಯುದ್ಧ ಮುಗಿದ ಮೇಲೆ ಅದೇ ಕಂಪನಿ ಹೊಸ ಹೆಸರಿನ ಚೀಟಿ ಹಚ್ಚಿಕೊಂಡು ಮರಳಿ ಬಂತು. ಏಜೆಂಟ ಅವನೇ, ತಲೆ ಮಾತ್ರ ಬೋಳಾಗಿತ್ತು.

ಮೂರು ದಿನದ ಹಿಂದೆ ಅವನು ನಮ್ಮ ಕಟ್ಟೆಗೆ ಬಂದು ಕೂತ.

"ಯಜಮಾನ್ರ, ನಿಮ್ಮ ಹರವಿ ಹದಕ್ಕ ಬರೂದ್ರಾಗ ಕೂಸು ಅಂಬೆಗಾಲು ಇಡ್ತೈತಿ. ನಮ್ದು ಒಂದ ತಾಸು ನೋಡ್ರಿ."

"ನಿನ್ನ ಡಬ್ಬ್ಯಾಗ ಏನೈತೋ ಯಾರು ಕಂಡಾರ?"

"ಮ್ಯಾಲ ಲಕ್ಷ್ಮೀ ಚಿತ್ರನ ಐತಲ್ರಿ, ಇನ್ನೇನ ಬೇಕು?"

ಇಪ್ಪತ್ತು ದಾಟಿದ ಮೊಮ್ಮಗನಿಗೆ ಆಸೆ. ನಾನು ಹೂಂ ಅಂದೆ. ಏಜೆಂಟ ಡಬ್ಬಿಯ ನೀಲಿಗೆ ಸುಣ್ಣದ ಬದಲು ಕಾಸ್ಟಿಕ್ ಸೋಡಾ ಕಲಸುವುದನ್ನು ತೋರಿಸಿ, "ಕೈ ಹಾಕಬ್ಯಾಡ, ಕೋಲಿಲೆ ತಿರುವು" ಎಂದು ಹೇಳಿ ಮುಂದಿನ ಮನೆಗೆ ಹೋದ. ಬಾಯಿಗೆ ಹಾಕಬೇಡ ಎಂಬ ಮಾತು ಅವನು ಎತ್ತಲಿಲ್ಲ. ಎತ್ತಬೇಕೆಂದು ಅವನಿಗೆ ಹೇಗೆ ತಿಳಿಯಬೇಕು?

"ಅಜ್ಜಾ, ಹದ ಆಗೇತೇನು?" ಎಂದು ಮೊಮ್ಮಗ ಕೂಗಿದ.

"ನನಗೇನ್ ಕೇಳ್ತಿ? ನಿನಗ ನಾಲಿಗಿ ಇಲ್ಲೇನು?"

ಆ ಮಾತು ನನ್ನದೇ. ಅವನು ಕೋಲಿನ ತುದಿ ನೆಕ್ಕಿದ.

ಕೂಗು ಅರ್ಧಕ್ಕೇ ನಿಂತಿತು. ತುಟಿ ಬೆಳ್ಳಗೆ ಸುಲಿದು ಬಂತು. ಸೊಸೆ ಕೊಡಗಟ್ಟಲೆ ನೀರು ಸುರಿದು ಮಗನ ಬಾಯಿ ತೊಳೆದಳು. ಹುನಗುಂದದ ದವಾಖಾನೆಯಿಂದ ಬಂದ ಡಾಕ್ಟರು ದೀಪ ಹಿಡಿದು ನೋಡಿ, "ಬಾವು ಗಂಟಲಕ್ಕ ಇಳದ್ರ ಉಸಿರು ಕಟ್ತೈತಿ. ಮೂರು ದಿನ ನೋಡೂಣು" ಎಂದರು.

ಆ ಮೂರು ದಿನ ನಾನು ಅವನ ಹಾಸಿಗೆಯ ಬದಿ ಬಿಟ್ಟು ಏಳಲಿಲ್ಲ. ಉಸಿರು ಗೊರ್ ಎಂದರೆ ಅವನ ತಲೆ ಎತ್ತಿ ಹಿಡಿಯುತ್ತಿದ್ದೆ, ಸದ್ದು ನಿಂತರೆ ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದೆ. ಅವನು ನನ್ನತ್ತ ನೋಡಿದಾಗಲೆಲ್ಲ ನಾನು ಗೋಡೆ ನೋಡಿದೆ. ಬದುಕಿದರೂ ಆ ನಾಲಿಗೆಗೆ ರುಚಿ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ದೇವರನ್ನು ಬೇಡಿಕೊಳ್ಳುವುದಕ್ಕೂ ಬಾಯಿ ಬರಲಿಲ್ಲ. ಅವನ ಬಾಯಿ ಸುಟ್ಟ ಬಾಯಿ ಇದೇ ಅಲ್ಲವೇ?

ಇವತ್ತು ಬಾವು ಕಡಿಮೆಯಾಯಿತು. ಸಂಜೆ ಸೊಸೆ ರೊಟ್ಟಿ ಬಡಿಯಲಿಲ್ಲ. ಜೋಳದ ನುಚ್ಚು ಮೆತ್ತಗೆ ಕುದಿಸಿ, ತಣ್ಣನೆಯ ಮಜ್ಜಿಗೆ ಕಲಸಿ, "ಅವ ಉಣ್ಣೂದನ್ನ ಎಲ್ಲಾರೂ ಉಣ್ರಿ" ಎಂದು ಸಾಲಾಗಿ ಕೂರಿಸಿ ಬಡಿಸಿದಳು. ಮೊಮ್ಮಗ ಒಂದು ತುತ್ತು ಬಾಯಲ್ಲಿಟ್ಟು ಹೊರಳಿಸಿದ. ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

"ಯವ್ವಾ," ಎಂದ, ದಪ್ಪ ದಪ್ಪ ಮಾತಿನಲ್ಲಿ, "ಉಪ್ಪ ಹಾಕಿಲ್ಲಲ್ಲ."

"ಉರೀತೈತಿ ಅಂತ ಬೇಕಂತನ ಬಿಟ್ಟೇನೋ, ನನ್ನಪ್ಪಾ!" ಎಂದು ಸೊಸೆ ಅಳುತ್ತ ನಕ್ಕಳು.

ನಾವೆಲ್ಲರೂ ಆ ಸಪ್ಪೆ ನುಚ್ಚನ್ನೇ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು.