ಮುಂದಿನ ಗಾಲಿಗೆ ಭಾರ

ನಮ್ಮ ಮನೆಯವರು ಆಗಸ್ಟ್ ತಿಂಗಳಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಹಿಮ ಬಿತ್ತು. ಆಗ ಗೊತ್ತಾಯಿತು, ಆ ಮನುಷ್ಯ ನನಗೆ ಬಿಟ್ಟು ಹೋಗಿದ್ದು ಮುನ್ನೂರು ಅಡಿ ಡ್ರೈವ್‌ವೇ ಅಂತ.

ನಾವು ಪರದೇಶಕ್ಕೆ ಬಂದು ಸೇರಿದ ರಾಚೆಸ್ಟರ್ ಹಿಲ್ಸ್‌ನ ಸಬ್‌ಡಿವಿಷನ್‌ಗಳಲ್ಲಿ ಒಂದರ ಪಕ್ಕ ಒಂದು ಮನೆ ಇರುತ್ತದೆ. ನಮ್ಮ ಮನೆಯವರಿಗೆ ಅದು ಬೇಡವಾಗಿತ್ತು. ದಿನವಿಡೀ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಮೆಷಿನ್ ಸದ್ದು ಕೇಳಿ ಬರುತ್ತೇನೆ, ಮನೆಗೆ ಬಂದ ಮೇಲೆ ಯಾರ ಸದ್ದೂ ಬೇಡ ಅಂತ ಊರಂಚಿನ ಮಣ್ಣುರಸ್ತೆಯಲ್ಲಿ ಮನೆ ತೆಗೆದುಕೊಂಡರು. ರಸ್ತೆಯಿಂದ ಮನೆಗೆ ಡಾಂಬರು ಹಾಕಿದ ಉದ್ದನೆಯ ಏರುದಾರಿ, ಅದೇ ಡ್ರೈವ್‌ವೇ. ದಾರಿಯ ಅರ್ಧದಲ್ಲಿ ಪಕ್ಕಕ್ಕೆ ಒಂದು ಶೆಡ್ಡು. ಶೆಡ್ಡಿನಲ್ಲಿ ಒಂದು ಹಳೆಯ ಗಾರ್ಡನ್ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಮುಂದೆ ಬ್ಲೇಡು ಅನ್ನುವ ಅಗಲವಾದ ಕಬ್ಬಿಣದ ಹಲಗೆ ಕಟ್ಟಿಸಿಕೊಂಡು ಹಿಮ ತಳ್ಳುವುದು, ಎರಡೂ ಅದರದೇ ಕೆಲಸ. ನಾನು ಅದನ್ನು ಮುಟ್ಟಿದವಳಲ್ಲ. ಮಕ್ಕಳು ನಮಗೆ ಆಗಲಿಲ್ಲ. ಅದರ ಬಗ್ಗೆ ಬರೆಯುವುದು ಏನೂ ಇಲ್ಲ.

ನಾನು ಓದಿದ್ದು ಮೈಸೂರಿನ ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಮನೆಯಲ್ಲಿ ಆಡುವುದು ಉರ್ದು, ಬರೆಯಲು ಬರುವುದು ಕನ್ನಡ ಮಾತ್ರ. ಕೈಗೆ ಹತ್ತಿದ ಕೆಲಸ ಹೊಲಿಗೆ. ಆ ಕಡೆಯ ನಮ್ಮ ದೇಶದ ಹೆಂಗಸರು ಬ್ಲೌಸು, ಸೀರೆ ಫಾಲು, ಸಲ್ವಾರು ಅಂತ ನನ್ನ ಹತ್ತಿರವೇ ಬರುತ್ತಿದ್ದರು. ಗಂಡ ಇದ್ದಾಗ ಈ ಹೆಂಗಸರು ಬಂದರೆ ಬಂದರು, ಬಿಟ್ಟರೆ ಬಿಟ್ಟರು. ಆಮೇಲೆ ಹಾಗಿರಲಿಲ್ಲ. ಬ್ಲೌಸಿನವರು ಬರದಿದ್ದರೆ ಆ ಮನೆಗೆ ಯಾರೂ ಬರುವುದಿಲ್ಲ.

ದುಡ್ಡು ಕೊಟ್ಟರೆ ಟ್ರಕ್ಕಿನಲ್ಲಿ ಬಂದು ಹಿಮ ತಳ್ಳಿ ಹೋಗುವವರಿದ್ದಾರೆ. ಒಬ್ಬನನ್ನು ಗೊತ್ತು ಮಾಡಿದ್ದೆ. ಮೊದಲನೇ ದಿನವೇ ದಾರಿಯ ಪಕ್ಕದ ನನ್ನ ಪುದೀನ ಪಾತಿಯನ್ನು ಬೇರುಸಮೇತ ಕೆರೆದು ಹಾಕಿದ. ಬೈದೆ. ಅರ್ಧ ದಾರಿಗೇ ಟ್ರಕ್ಕು ತಿರುಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ಬೈಯಬಾರದಿತ್ತು ಅಂತ ಈಗಲೂ ಅನ್ನಿಸಿಲ್ಲ.

ಆ ಹಿಮದಲ್ಲೂ ಒಬ್ಬಳು ಬಂದಳು. ಹುಬ್ಬಳ್ಳಿ ಕಡೆಯವಳು, ಮೂವತ್ತರ ಆಸುಪಾಸು, ಯಾವುದೋ ಆಫೀಸಿನಲ್ಲಿ ಕೆಲಸ. ಕಾರನ್ನು ರಸ್ತೆಯಲ್ಲೇ ಬಿಟ್ಟು ಮೊಣಕಾಲುದ್ದ ಹಿಮದಲ್ಲಿ ಗೊಣಗಿಕೊಂಡು ನಡೆದು ಬಂದಳು. ಬೂಟು ಬಿಚ್ಚಿ, ನೆಲದಲ್ಲಿರುವ ಹೀಟರಿನ ಕಿಂಡಿಯ ಮೇಲೆ ಕಾಲಿಟ್ಟು ಒಂದು ಗಂಟೆ ಕೂತಳು. ಉಳಿದವರು ಫೋನು ಮಾಡಿ, ನಿಮ್ಮ ಡ್ರೈವ್‌ವೇ ಕ್ಲೀನ್ ಆದ ಮೇಲೆ ಬರುತ್ತೇವೆ ಆಂಟಿ ಅಂದರು. ಹಿಮದ ಮೇಲೆ ಹಿಮ ಬಿತ್ತು. ನನ್ನ ಕಾರೂ ಗರಾಜಿನಲ್ಲೇ ಉಳಿಯಿತು. ಫ್ರೀಜರ್ ತುಂಬಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಅವಳು ಹೋದ ಮೇಲೆ ಹದಿನೇಳು ದಿನ ಒಬ್ಬರ ಮುಖ ನೋಡಲಿಲ್ಲ. ಹೊಲಿದು ಮುಗಿಸಿದ ಬ್ಲೌಸುಗಳು ಹ್ಯಾಂಗರಿನಲ್ಲಿ ಸಾಲಾಗಿ ನೇತಾಡುತ್ತಿದ್ದವು. ಗಂಟಲು ಕಟ್ಟದಿರಲಿ ಅಂತ ಅಳತೆ ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದೆ. ಎದೆ ಮೂವತ್ತಾರು, ತೋಳು ಹತ್ತು.

ಹದಿನೆಂಟನೇ ದಿನ ನಾನೇ ಟ್ರ್ಯಾಕ್ಟರ್ ಹತ್ತಿದೆ. ಹಿಂದಿನ ಗಾಲಿಗೆ ಸರಪಳಿ ಸುತ್ತುವುದು, ಮುಂದೆ ಬ್ಲೇಡು ಸಿಕ್ಕಿಸುವುದು ಇವನ್ನೆಲ್ಲ ನಮ್ಮ ಮನೆಯವರು ಹೊರಗೆ ನಿಂತು ಮಾಡುವಾಗ ಕಿಟಕಿಯಿಂದ ನೋಡಿದ್ದೆ. ಭಾರದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದುಕೊಂಡೆ. ನಮ್ಮ ಅಬ್ಬಾ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಜಟಕಾದಲ್ಲಿ ದಪ್ಪನೆಯವರು ಮುಂದೆ ಕೂತರೆ ಭಾರವೆಲ್ಲ ಕುದುರೆಯ ಬೆನ್ನಿಗೆ ಬೀಳುತ್ತದೆ. ಅಬ್ಬಾ ಎಂಥ ದೊಡ್ಡ ಮನುಷ್ಯರನ್ನೂ ಬಿಡುತ್ತಿರಲಿಲ್ಲ. "ಸ್ವಾಮಿ, ಒಂಚೂರು ಹಿಂದಕ್ಕೆ ಸರೀರಿ, ಅದು ನಿಮ್ಮ ಹಾಗೆ ಹೋಟ್ಲಲ್ಲಿ ತಿಂದು ಬಂದಿಲ್ಲ" ಅನ್ನುತ್ತಿದ್ದರು. ಮುಂದೆ ಭಾರ ಹಾಕಬಾರದು ಅನ್ನುವುದು ನನ್ನ ರಕ್ತದಲ್ಲೇ ಇತ್ತು. ಟ್ರ್ಯಾಕ್ಟರಿಗೆ ಮುಂದೆ ಬ್ಲೇಡು ಬೇರೆ ಕಟ್ಟಿದೆ, ಮುಂದೆ ಹೊರೆ ಜಾಸ್ತಿಯಾಯಿತು, ಹಿಂದೆ ಸರಿದೂಗಿಸಬೇಕು ಅಂತ ಯೋಚಿಸಿದೆ. ಹಿಮ ಕರಗಲಿ ಅಂತ ದಾರಿಗೆ ಎರಚುವ ಉಪ್ಪಿನ ಮೂಟೆ ಶೆಡ್ಡಿನಲ್ಲಿದ್ದವು. ಒಂದೊಂದು ನಲವತ್ತು ಪೌಂಡು. ಅವುಗಳಲ್ಲಿ ನಾಲ್ಕನ್ನು ಎಳೆದು ತಂದು ಸೀಟಿನ ಹಿಂದೆ ಬಿಗಿದು ಕಟ್ಟಿದೆ.

ಹತ್ತು ಅಡಿ ಸರಿಯಾಗಿ ಹೋಯಿತು. ಬ್ಲೇಡನ್ನು ಓರೆ ಇಟ್ಟರೆ ಹಿಮ ಒಂದು ಬದಿಗೆ ಹೊರಳಿ ಬೀಳಬೇಕು. ನಾನು ಓರೆ ಇಟ್ಟೆ. ಹಿಮ ಅಲ್ಲೇ ನಿಂತಿತು, ಗಾಡಿಯ ಮೂತಿ ಬದಿಗೆ ಹೋಯಿತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಮುಂದಿನ ಗಾಲಿಗಳು ಎಡಕ್ಕೆ ನೋಡಿಕೊಂಡೇ ಬಲಕ್ಕೆ ಜಾರುತ್ತಿದ್ದವು. ಭಾರ ಸಾಲದು ಅಂತ ಹಿಂದೆ ಇನ್ನೆರಡು ಮೂಟೆ ಕಟ್ಟಿದೆ. ಇಳಿಜಾರಿನಲ್ಲಿ ಅದು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ರಸ್ತೆಯ ಬದಿಯ ನಮ್ಮದೇ ಮೇಲ್‌ಬಾಕ್ಸನ್ನು ಕೆಡವಿ, ಕಂದಕದ ಅಂಚಿನಲ್ಲಿ ನಿಂತಿತು. ನಾನು ಬೀಳಲಿಲ್ಲ. ಇಳಿದು ಒಳಗೆ ಹೋಗಿ ರಿಪೇರಿಯವನಿಗೆ ಫೋನು ಮಾಡಿದೆ.

ಅವನು ನನ್ನಷ್ಟೇ ವಯಸ್ಸಾದ ಬಿಳಿಯ ಮುದುಕ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಸ್ಟೀರಿಂಗ್ ಕೆಟ್ಟಿದೆ ಅಂದೆ. ಅವನು ಮೂಟೆಗಳನ್ನು ನೋಡಿದ, ನನ್ನನ್ನು ನೋಡಿದ. ಬಗ್ಗಿ ಎರಡು ಕೈಯಲ್ಲಿ ಟ್ರ್ಯಾಕ್ಟರಿನ ಮುಂಭಾಗ ಹಿಡಿದು ಎತ್ತಿದ. ಮುಂದಿನ ಗಾಲಿ ಎರಡೂ ನೆಲ ಬಿಟ್ಟು ಮೇಲೆ ಬಂದವು. ನನಗೆ ಹೇಳಿಸಿಕೊಳ್ಳುವುದು ಇನ್ನೇನೂ ಉಳಿಯಲಿಲ್ಲ. ಜಟಕಾಕ್ಕೆ ಮುಂದೆ ಕುದುರೆ ಇರುತ್ತದೆ, ದಾರಿ ಹಿಡಿಯುವುದು ಅದು. ಇಲ್ಲಿ ದಾರಿ ಹಿಡಿಯಬೇಕಾದದ್ದು ಈ ಎರಡು ಸಣ್ಣ ಗಾಲಿಗಳು. ಹಿಂದೆ ಭಾರ ಹೇರಿ ಹೇರಿ ಅವುಗಳಿಗೆ ನೆಲವೇ ಸಿಗದ ಹಾಗೆ ಮಾಡಿದ್ದೆ.

ಮುಂದಿನ ಗಾಲಿಗೆ ಹಾಕುವ ಭಾರ ಎಲ್ಲಿ ಅಂತ ಕೇಳಿದ. ಅಂಥದ್ದು ಏನೂ ಇಲ್ಲ ಅಂದೆ. ನಿನ್ನ ಗಂಡನಿಗೆ ನಾನೇ ಮಾರಿದ್ದೇನೆ ಅಂತ ಹೇಳಿ ಶೆಡ್ಡಿನ ಕಡೆ ನಡೆದ. ಬಾಗಿಲಲ್ಲೇ ನಿಂತು ನಗಲು ಶುರು ಮಾಡಿದ. ಗಾಳಿಗೆ ಬಾಗಿಲು ಬಡಿಯದಿರಲಿ ಅಂತ ನಾನು ಎರಡು ದಪ್ಪನೆಯ ಕಬ್ಬಿಣದ ತಟ್ಟೆಗಳನ್ನು ಅಲ್ಲಿ ಒತ್ತಿಟ್ಟಿದ್ದೆ. ಅವೇ ಇವು. ಟ್ರ್ಯಾಕ್ಟರ್ ಹೊರಗೆ ತೆಗೆಯುವಾಗ ಅವನ್ನೇ ಕಾಲಿನಿಂದ ತಳ್ಳಿ ದಾರಿ ಮಾಡಿಕೊಂಡಿದ್ದೆ. ನಮ್ಮ ಮನೆಯವರು ಹುಲ್ಲು ಕತ್ತರಿಸುವ ಕಾಲ ಬಂದಾಗ ಅವನ್ನು ಬಿಚ್ಚಿಡುತ್ತಿದ್ದರಂತೆ, ಚಳಿಗಾಲಕ್ಕೆ ಶೆಡ್ಡಿನ ಒಳಗೇ ಕೂತು ಹಾಕುತ್ತಿದ್ದರಂತೆ. ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು. ಮೂವತ್ತೊಂದು ವರ್ಷ ಜೊತೆಗಿದ್ದೆವು. ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಒಂದು ಗಾಲಿಗೆ ಅವನು ಹಾಕಿದ. ಇನ್ನೊಂದನ್ನು ನಾನೇ ಹಾಕುತ್ತೇನೆ, ನೀನು ನೋಡು ಅಂದೆ. ತಟ್ಟೆಯನ್ನು ಹಲಗೆಯ ಮೇಲೆ ನಿಲ್ಲಿಸಿ, ಹಲಗೆಯನ್ನು ಸನ್ನೆಗೋಲಿನಿಂದ ಮೇಲಕ್ಕೆತ್ತಿ, ಗಾಲಿಯ ತೂತಿಗೆ ತಟ್ಟೆಯ ತೂತು ಕೂಡಿಸಿ, ಉದ್ದ ಬೋಲ್ಟು ತೂರಿಸಿ ಹಿಂದಿನಿಂದ ನಟ್ಟು ಬಿಗಿದೆ. ಅರ್ಧ ಗಂಟೆ ಹಿಡಿಯಿತು. ಅವನು ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಹಿಂದಿನ ಮೂಟೆಗಳಲ್ಲಿ ಎರಡು ಇರಲಿ, ಆ ಗಾಲಿಗಳಿಗೂ ಹಿಡಿತ ಬೇಕು ಅಂದ. ಚಹಾ ಕುಡಿದು ಹೋಗು ಅಂದೆ. ಇನ್ನೂ ಮೂರು ಕಡೆ ಹೋಗಬೇಕು ಅಂತ ಹೇಳಿ ಹೊರಟುಹೋದ.

ಈ ಸಲ ಟ್ರ್ಯಾಕ್ಟರ್ ಹೇಳಿದ ಮಾತು ಕೇಳಿತು. ಬ್ಲೇಡು ಓರೆ ಇಟ್ಟರೂ ಮೂತಿ ನೆಟ್ಟಗೆ. ಹಳೆಯ ಹಿಮ ಗಟ್ಟಿಯಾಗಿತ್ತು, ಒಂದೊಂದು ಪದರವಾಗಿ ತೆಗೆಯಬೇಕಾಯಿತು. ಎರಡು ದಿನ ಹಿಡಿಯಿತು. ರಸ್ತೆಯಿಂದ ಮನೆಯ ಬಾಗಿಲವರೆಗೆ ಡಾಂಬರು ಕಪ್ಪಗೆ ಕಾಣುವ ಹಾಗೆ ತೆಗೆದೆ. ಎಲ್ಲರಿಗೂ ಫೋನು ಮಾಡಿ ದಾರಿ ಆಗಿದೆ ಅಂದೆ. ಶನಿವಾರ ಬರುತ್ತೇವೆ ಅಂದರು. ಶುಕ್ರವಾರವೇ ಮನೆ ಗುಡಿಸಿ, ಬಿಸ್ಕೆಟ್ ತಟ್ಟೆಗೆ ಹಾಕಿ, ದೊಡ್ಡ ಪಾತ್ರೆ ತೊಳೆದಿಟ್ಟೆ.

ಶನಿವಾರ ಐದು ಕಾರು ಬಂದವು. ಐದೂ ಮೇಲಿನವರೆಗೆ, ಬಾಗಿಲಿಗೇ ಬಂದವು. ಹುಬ್ಬಳ್ಳಿಯವಳು ಮೊದಲು. ಹಾರ್ನ್ ಮಾಡಿ, ಕಾರಿನ ಕಿಟಕಿ ಇಳಿಸಿದಳು.

"ಆಂಟಿ, ಕಾರ್ ಚಾಲೂನ ಐತ್ರಿ. ಇಲ್ಲೇ ಕೊಟ್ಟುಬಿಡ್ರಿ, ಬೂಟ್ ಬಿಚ್ಚೂದು ತಪ್ತದ."

"ಚಾ ಇಟ್ಟಿದ್ದೀನಮ್ಮ."

"ಮುಂದಿನ ಸಲ ಕುಡೀತೀನ್ರಿ."

ಬ್ಲೌಸಿನ ಚೀಲ ಕಿಟಕಿಯಲ್ಲಿ ಕೊಟ್ಟೆ. ಡ್ರೈವ್‌ವೇ ಬಹಳ ಛಂದ ಆಗೈತಿ ಅಂತ ಹೊಗಳಿ ಹೋದಳು. ಉಳಿದ ನಾಲ್ಕೂ ಹಾಗೇ. ಒಬ್ಬಳ ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು, ಒಬ್ಬಳಿಗೆ ದೇವಸ್ಥಾನಕ್ಕೆ ಹೋಗುವ ಆತುರ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಹ್ಯಾಂಗರು ಖಾಲಿ. ಐದು ಜನರಲ್ಲಿ ಒಬ್ಬರೂ ಆ ಮನೆಯ ಹೊಸಿಲು ದಾಟಲಿಲ್ಲ. ಚಹಾವನ್ನು ನಾನೇ ಎರಡು ದಿನ ಬಿಸಿ ಮಾಡಿ ಮಾಡಿ ಕುಡಿದೆ. ಚೆಲ್ಲಲು ಮನಸ್ಸಾಗಲಿಲ್ಲ, ಅಷ್ಟೊಂದು ಹಾಲು.

ಮುಂದಿನ ವಾರ ಮತ್ತೆ ಎಂಟು ಇಂಚು ಬಿತ್ತು. ಟ್ರ್ಯಾಕ್ಟರ್ ತೆಗೆದು ರಸ್ತೆಯಿಂದ ಶೆಡ್ಡಿನವರೆಗೆ ಅಂಚು ಕೆರೆದು ಚೊಕ್ಕಟ ಮಾಡಿದೆ. ಅಲ್ಲಿ ಮೂರು ಕಾರು ನಿಲ್ಲುವಷ್ಟು ಜಾಗ ಬಿಡಿಸಿದೆ. ಶೆಡ್ಡಿನಿಂದ ಮನೆಯವರೆಗಿನ ನೂರೈವತ್ತು ಅಡಿಯನ್ನು ಹಾಗೇ ಬಿಟ್ಟೆ. ಮೆಟ್ಟಿಲಿಗೆ ಮಾತ್ರ ಉಪ್ಪು ಎರಚಿದೆ, ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಅದು ಬೇರೆ ಗೋಳು. ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ.

ಹುಬ್ಬಳ್ಳಿಯವಳು ಒಂದು ಸೀರೆಗೆ ಫಾಲು ಹಾಕಿಸಲು ಬಂದಳು. ಕಾರನ್ನು ಶೆಡ್ಡಿನ ಹತ್ತಿರ ಬಿಟ್ಟು, ಸೀರೆಯ ಚೀಲ ತಲೆಯ ಮೇಲೆ ಹೊತ್ತು ನಡೆದು ಬಂದಳು. ಬಾಗಿಲು ತೆಗೆದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

"ಅಲ್ರಿ ಆಂಟಿ, ಶೆಡ್ ತನಕ ಅಷ್ಟ್ ಛಂದ ಮಾಡೀರಿ, ಮುಂದ ಯಾಕ ಬಿಟ್ರಿ?"

"ಸಾಕಾಯ್ತು. ವಯಸ್ಸಾಯ್ತಲ್ಲ."

"ನಮ್ಮನಿಯವ್ರಿಗೆ ಹೇಳ್ಲೇನು? ಸಲಿಕಿ ತಗೊಂಡು ಬರ್ತಾರ."

"ಏನೂ ಬೇಡ. ನೀನು ಕಾಲು ಒಣಗಿಸ್ಕೋ ಮೊದ್ಲು."

ಬೂಟು ಬಿಚ್ಚಿದಳು. ಸಾಕ್ಸನ್ನು ಹೀಟರಿನ ಕಿಂಡಿಯ ಮೇಲೆ ಹರಡಿದಳು. ಅದು ಒಣಗಲು ಮುಕ್ಕಾಲು ಗಂಟೆ ಬೇಕು. ಆಫೀಸಿನ ಬಾಸ್ ಬಗ್ಗೆ, ಹುಬ್ಬಳ್ಳಿಯಿಂದ ಬಂದು ಮೂರು ತಿಂಗಳಾದರೂ ಹೊರಡದ ಅತ್ತೆಯ ಬಗ್ಗೆ ಮಾತಾಡಿದಳು. ನಾನು ಫಾಲು ಹಾಕುತ್ತ ಕೇಳಿದೆ. ಎರಡು ಲೋಟ ಚಹಾ ಕುಡಿದಳು. ಸಾಕ್ಸು ಒಣಗಿದ ಕೂಡಲೇ ಎದ್ದಳು.

ಅವಳಿಗೆ ನಿಜ ಹೇಳಲಿಲ್ಲ. ಹೇಳಿದ್ದರೆ ಪಾಪ ಅಂತ ವಾರ ವಾರ ಬಂದು ಕೂರುತ್ತಿದ್ದಳು, ಒಳ್ಳೆಯ ಹುಡುಗಿ. ಅಂಥ ಕೂರುವಿಕೆ ನನಗೆ ಬೇಕಿರಲಿಲ್ಲ. ಕಾಲು ಒದ್ದೆಯಾಗಿದೆ ಅಂತ ಕೂತರೆ ಸಾಕಾಗಿತ್ತು. ಆ ಚಳಿಗಾಲದಲ್ಲಿ ಇನ್ನೂ ನಾಲ್ಕು ಸಲ ಹಿಮ ಬಿತ್ತು, ನಾಲ್ಕು ಸಲವೂ ಶೆಡ್ಡಿನವರೆಗೇ ತೆಗೆದೆ. ಇಬ್ಬರು ಹೆಂಗಸರು ಬೇಸತ್ತು ಬೇರೆ ಟೈಲರ್ ನೋಡಿಕೊಂಡರು. ಮೂವರು ಬಂದರು.