ಹಾಲು, ತುಪ್ಪ, ಪಾಚಿ

“ರೊಕ್ಕಾ ತಿಂದು ಟಾರ್ಚಿಗೆ ಹಸರ ಬೆಳಕ ಕೂಡಿಸಿದಾಂವ.” ಟಾರ್ಚ್ ಕಾಕಾನ ಬಗ್ಗೆ ತಿಕೋಟಾದಲ್ಲಿ ಇವತ್ತಿಗೂ ಉಳಿದಿರುವ ಮಾತು ಇದೊಂದೇ. ಸರಿ, ರೊಕ್ಕ ಕೊಟ್ಟವರು ಯಾರು? ಕೊಟ್ಟಿದ್ದನ್ನು ಕಂಡವರು ಯಾರು? ನಾನು ಕೇಳಿದವರೆಲ್ಲ ಬೇರೆಯವರತ್ತ ಬೆರಳು ತೋರಿಸಿದರು. ಆ ಬೇರೆಯವರು ಮತ್ತೊಬ್ಬರತ್ತ. ಹೀಗೆ ಬೆರಳುಗಳ ಹಿಂದೆ ಹೋಗುತ್ತಾ ಹೋದರೆ ಕೊನೆಗೆ ಸಿಗುವವಳು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊನ್ನೆ ವಿಜಯಪುರದಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಬೆಸುಗೆಯ ರಾಳ ಸುಟ್ಟ ವಾಸನೆ ಬಂತು. ಧೂಪದಂತಿದ್ದೂ ಧೂಪವಲ್ಲದ ಆ ಹೊಗೆ... ಕಾಕಾನ ಅಂಗಿಗೆ ಯಾವಾಗಲೂ ಅದೇ ವಾಸನೆ ಇರುತ್ತಿತ್ತು. ಮೊಬೈಲ್ ಇಸಿದುಕೊಂಡು ಜಲನಗರದ ನನ್ನ ಬಾಡಿಗೆ ಕೋಣೆಗೆ ಬಂದೆ. ಅವತ್ತು ಓದಲಿಕ್ಕಾಗಲಿಲ್ಲ.

ಕಾಕಾ ಎಂದರೆ ರಕ್ತಸಂಬಂಧವಲ್ಲ. ನಮ್ಮ ಓಣಿಯವರು, ಸಾಲಿಯಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಕಲಿತವರು. ತಿಕೋಟಾ ಬಸ್ ನಿಲ್ದಾಣದ ಹತ್ತಿರ ತಗಡಿನ ಒಂದು ಅಂಗಡಿ ಇಟ್ಟುಕೊಂಡು ಅಗ್ಗದ ಟಾರ್ಚುಗಳನ್ನು ರಿಪೇರಿ ಮಾಡುತ್ತಿದ್ದರು. ಕೆಟ್ಟರೆ ಒಗೆದು ಹೊಸದು ಕೊಳ್ಳುವ ಸಾಮಾನು ಅದು. ಆದರೂ ದ್ರಾಕ್ಷಿ ತೋಟದವರು, ಬಿಜ್ಜರಗಿಯ ಕುರಿಯವರು ಅಲ್ಲಿಗೇ ತರುತ್ತಿದ್ದರು. ಕಾಕಾ ಮುಟ್ಟಿದ ಟಾರ್ಚ್ ಹೊಸದಕ್ಕಿಂತ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ. ಕೈಗುಣ ಎನ್ನುತ್ತಿದ್ದರು. ಕೈಗುಣ ಗಿಯ್‌ಗುಣ ಏನೂ ಇರಲಿಲ್ಲ. ಅವರಿಗೊಂದು ಪದ್ಧತಿ ಇತ್ತು, ಅಷ್ಟೇ.

ಟಾರ್ಚ್ ಕೈಗೆ ಬಂದರೆ ಮೊದಲು ಕರೆಂಟ್ ನೋಡುವ ಮೀಟರಿನ ಎರಡು ತಂತಿಗಳ ಮುಳ್ಳುಗಳನ್ನು ಒಂದಕ್ಕೊಂದು ತಾಗಿಸುವರು. ಅದು ‘ಪೀಂ’ ಎಂದ ಮೇಲೆಯೇ ಮುಂದಿನ ಕೆಲಸ. “ಮದ್ಲ ನಮ್ಮ ಮೀಟರ್ ಖರೇ ಹೇಳತೈತೋ ಇಲ್ಲೋ ನೋಡಬೇಕ್ ಬೇ. ಆಮ್ಯಾಲೆ ಮಂದೀದು.” ಆಮೇಲೆ ಬ್ಯಾಟರಿ. ಬ್ಯಾಟರಿ ಸರಿಯಿದ್ದರೆ ತಳದ ಸ್ಪ್ರಿಂಗಿನ ತುಕ್ಕು. ಅದೂ ಅಲ್ಲದಿದ್ದರೆ ಸ್ವಿಚ್ಚನ್ನು ಬಿಟ್ಟು ತಂತಿಯಿಂದ ನೇರ ಕರೆಂಟ್ ಕೊಟ್ಟು ನೋಡುವುದು. ಆಮೇಲೆ ಒಳಗಿನ ಸರ್ಕ್ಯೂಟು. ಇವಿಷ್ಟೂ ನಿರಪರಾಧಿಗಳು ಎಂದಾದ ಮೇಲೆಯೇ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಎಲ್‌ಇಡಿ ಚಿಪ್ಪಿಗೆ ಮುಳ್ಳು ಹಚ್ಚುವರು. ಜೀವ ಇದ್ದರೆ ಸಣ್ಣಗೆ ಮಿಣುಕುತ್ತಿತ್ತು. ಇಲ್ಲದಿದ್ದರೆ ಹಳದಿ ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಕರಕು.

ಚಿಪ್ ಬದಲಿಸಲು ಅವರ ಬಳಿ ಇದ್ದದ್ದು ಹಳೆಯ ಇಸ್ತ್ರಿ ಪೆಟ್ಟಿಗೆ. ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಕಾದ ಹೊಟ್ಟೆಯ ಮೇಲೆ ಚಿಪ್ ಕೂತ ಬಿಲ್ಲೆಯನ್ನಿಡುವರು. ಬೆಸುಗೆ ಕರಗಿ ಹೊಳೆಯುತ್ತಿದ್ದಂತೆ ಚಿಮಟಿಗೆಯಿಂದ ಸತ್ತದ್ದನ್ನು ಎತ್ತಿ ಹೊಸದನ್ನು ಇಡುವರು. ಹೊಸ ಚಿಪ್ ಕರಗಿದ ಬೆಸುಗೆಯ ಮೇಲೆ ತುಸು ಜಾರಿ, ತಾನೇ ತನ್ನ ಜಾಗ ಹುಡುಕಿಕೊಂಡು ನಿಲ್ಲುತ್ತಿತ್ತು. ಅದನ್ನು ನೋಡಲಿಕ್ಕೆಂದೇ ನಾನು ಕಾಲೇಜು ಬಿಡುವಿದ್ದಾಗ ಹೋಗಿ ಕೂಡುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ ತೋರಿಸಿದರೆ, “ಬರ್ರಿ ವಕೀಲ್ರಽ, ಇವತ್ತ ಯಾರ ಬಾಯಿ ಮುಚ್ಚಿಸಿ ಬಂದ್ರಿ?” ಎಂದು ನಗುತ್ತಿದ್ದರು.

ಕಾಕು, ಅವರ ಹೆಂಡತಿ, ಮಧ್ಯಾಹ್ನ ಬುತ್ತಿ ತಂದವರು ಅಲ್ಲೇ ಕೂತು ಚಿಪ್ ಆರಿಸುತ್ತಿದ್ದರು. ಸೊಲ್ಲಾಪುರದಿಂದ ಬರುವ ಅಗ್ಗದ ಚಿಪ್ಪಿನ ಪಟ್ಟಿಗಳಿಗೆ ಗುರುತಿಲ್ಲ, ಗಿರುತಿಲ್ಲ, ಎಲ್ಲ ಕಲಬೆರಕೆ. ಒಂದೊಂದನ್ನೂ ಹೊತ್ತಿಸಿ ಬಿಳಿ ಕಾಗದದ ಮೇಲೆ ಬೆಳಕು ನೋಡಿ ಕಾಕು ಮೂರು ಡಬ್ಬಿಗೆ ಹಾಕುವರು. ಅಚ್ಚ ಬಿಳುಪು ಹಾಲಿನ ಡಬ್ಬಿಗೆ. ಹಳದಿ ಛಾಯೆ ತುಪ್ಪದ ಡಬ್ಬಿಗೆ. ತುಸು ಹಸಿರು ಬೆರೆತದ್ದು ಪಾಚಿ ಡಬ್ಬಿಗೆ. ಅಕ್ಕಿ ಹಸನು ಮಾಡಿದ ಹಾಗೆ ಇದೂ ಹೆಂಗಸರ ಪಾಲಿಗೆ ಬಂದ ಕೆಲಸ ಎಂದುಕೊಂಡಿದ್ದೆ. ಯಾಕೆ ಎಂದು ಕೇಳಲಿಲ್ಲ. ಎಲ್ಲಕ್ಕೂ ಯಾಕೆ ಎನ್ನುತ್ತಿದ್ದವಳು ಇದೊಂದಕ್ಕೆ ಕೇಳಲಿಲ್ಲ.

ಆ ವರ್ಷ ಮಣೂಕ ಒಣಗುವ ಹೊತ್ತಿಗೆ ಮೋಡ ಮುಚ್ಚಿತು. ಮಣೂಕ ಅಂದರೆ ಒಣದ್ರಾಕ್ಷಿ. ಹಸಿರಾಗಿ ಉಳಿದರೆ ಮೇಲಿನ ದರ್ಜೆ. ಹಳದಿಗೆ ತಿರುಗಿದರೆ ಕೆಳಗಿನದು. ನಮ್ಮ ತೋಟದ್ದು ತಿರುಗಿತ್ತು. ಮಾಲು ನೋಡಲು ವಿಜಯಪುರದ ವ್ಯಾಪಾರಿಯೊಬ್ಬರು ಬಂದರು. ನಮ್ಮ ಗೋದಾಮಿನೊಳಗೆ ಹಗಲಲ್ಲೂ ಕತ್ತಲು, ಅವರ ಟಾರ್ಚ್ ಹೊತ್ತಲಿಲ್ಲ. “ಬಿಡ್ರಿ, ನಮ್ಮ ಕಾಕಾ ಮಾಡಿ ಕೊಡ್ತಾನ, ನಾಳೆ ಬರ್ರಿ,” ಎಂದು ಅಪ್ಪ ಅದನ್ನು ಇಸಿದುಕೊಂಡ. ಮರುದಿನ ವ್ಯಾಪಾರಿ, ಕಾಕಾ ಚಿಪ್ ಬದಲಿಸಿಕೊಟ್ಟ ಅದೇ ಟಾರ್ಚಿನ ಬೆಳಕು ಬಿಟ್ಟು ಪೆಟ್ಟಿಗೆಗಳನ್ನು ನೋಡಿದರು. “ಹಸರ ಐತಿ ಮಾಲು,” ಎಂದರು. ಅಪ್ಪ ಸುಮ್ಮನಿದ್ದ. ಸುಮ್ಮನಿರುವುದು ಸುಳ್ಳಲ್ಲ ಎಂದು ನಾನೂ ಸುಮ್ಮನಿದ್ದೆ.

ನಾಲ್ಕು ದಿನಕ್ಕೆ ವ್ಯಾಪಾರಿ ತಿರುಗಿ ಬಂದರು. ಬಿಸಿಲಿಗೆ ಹಿಡಿದರೆ ಮಾಲು ಹಳದಿ. ಒಂದು ಹಾಳೆಯ ಮೇಲೆ ತಮ್ಮ ಟಾರ್ಚನ್ನೂ ಇನ್ನೊಂದು ಟಾರ್ಚನ್ನೂ ಜೊತೆಗೇ ಹೊತ್ತಿಸಿ ತೋರಿಸಿದರು. ಒಂಟಿಯಾಗಿ ಹೊತ್ತಿದಾಗ ಬಿಳಿ ಎನಿಸುತ್ತಿದ್ದ ಅವರ ಟಾರ್ಚಿನ ಬೆಳಕು, ಪಕ್ಕಕ್ಕಿಟ್ಟಾಗ ಪಾಚಿ ನೀರಿನ ಹಾಗೆ ಕಂಡಿತು. “ಟಾರ್ಚ್ ರಿಪೇರಿ ಮಾಡಿಸಿದಾಂವ ನೀನು, ಮಾಲು ನಿಂದು. ನನ್ನೇನ ಹುಚ್ಚ ಮಾಡೀಯೇನೋ?” ಸುತ್ತಲಿನ ತೋಟದವರು ನೆರೆದರು. ಕಾಕಾನನ್ನೂ ಕರೆಸಿದರು. ಇನ್ನು ಯಾವ ವ್ಯಾಪಾರಿಯೂ ಅಪ್ಪನ ಗೋದಾಮಿನ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ನಾನು ಎದ್ದು ನಿಂತೆ.

“ಮೂರಽ ದಾರಿ ಅದಾವ್ರಿ,” ಎಂದೆ. ಚಿಪ್ ತಾನಾಗಿ ಬಣ್ಣ ಬದಲಿಸಿರಬೇಕು. ಇಲ್ಲವೇ ಹಾಕಿದವರಿಗೆ ಗೊತ್ತಿಲ್ಲದೆ ತಪ್ಪಾಗಿರಬೇಕು. ಇಲ್ಲವೇ ಗೊತ್ತಿದ್ದೇ ಹಾಕಿರಬೇಕು. ಒಂದು ದಿನದ ಹೊಸ ಚಿಪ್ ಬಣ್ಣ ಬದಲಿಸುವುದಿಲ್ಲ, ಮೊದಲನೆಯದು ಬಿತ್ತು. ಇಷ್ಟು ವರ್ಷ ಇದೇ ಕೆಲಸ ಮಾಡಿದವರಿಗೆ ಹಾಲು ಯಾವುದು, ಪಾಚಿ ಯಾವುದು ತಿಳಿಯದೆ ಇರುತ್ತದೆಯೇ? ಎರಡನೆಯದೂ ಬಿತ್ತು. ಉಳಿದದ್ದು ಒಂದೇ. ಅದು ಟಾರ್ಚ್ ಬಿಚ್ಚಿದವರ ಕೈಯಲ್ಲಿದೆಯೇ ಹೊರತು, ತಂದುಕೊಟ್ಟವರ ಕೈಯಲ್ಲಿಲ್ಲ...

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಮಾತು ಕೂತಿತು. ವ್ಯಾಪಾರಿಯ ಕಣ್ಣು ಅಪ್ಪನ ಮೇಲಿಂದ ಕಾಕಾನ ಮೇಲೆ ಹೊರಳಿದ್ದನ್ನು ನಾನು ನೋಡಿದೆ. ಗೆದ್ದಾಗ ಆಗುವ ಆ ಹಗುರ ಅವತ್ತೂ ಆಯಿತು.

“ಚಿಪ್ ನಾನಽ ಹಾಕೇನ್ರಿ. ತಪ್ಪು ನಂದು. ನಡುವ ಮತ್ತೊಬ್ಬರನ್ನ ತರಬ್ಯಾಡ್ರಿ,” ಎಂದರು ಕಾಕಾ. ಹೋಗುವಾಗ ನನ್ನ ಮುಂದೆ ಒಂದು ಗಳಿಗೆ ನಿಂತರು. “ಭಾಳ ಚಂದ ಮಾತಾಡ್ತೀರಿ ವಕೀಲ್ರಽ.” ನಗಲಿಲ್ಲ.

ಮಾಲು ಹಳದಿ ದರ್ಜೆಗೆ ಹೋಯಿತು, ಅಪ್ಪನ ಹೆಸರು ಉಳಿಯಿತು. ‘ಗೊತ್ತಿದ್ದೇ ಹಾಕಿದ’ ಎಂಬ ನನ್ನ ಮಾತಿಗೆ ಊರು ‘ರೊಕ್ಕಾ ತಿಂದು’ ಎಂಬುದನ್ನು ಸೇರಿಸಿಕೊಂಡಿತು. ಕಾಕಾನ ಅಂಗಡಿಗೆ ಮೊದಲು ತೋಟದವರು ಬರುವುದು ನಿಂತಿತು, ಆಮೇಲೆ ಕುರಿಯವರು. ಮರು ಹಂಗಾಮಿಗೆ ಅವರು ಅಂಗಡಿ ಮುಚ್ಚಿ ಬಬಲೇಶ್ವರದ ಮಗಳ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ಗೊತ್ತಾದರೂ ನಾನು ಮಣ್ಣಿಗೆ ಹೋಗಲಿಲ್ಲ. ಪರೀಕ್ಷೆ ಇತ್ತು ಎನ್ನಬಹುದು. ಪರೀಕ್ಷೆ ಇರಲಿಲ್ಲ.

ಆ ರಾಳದ ವಾಸನೆ ಬಂದ ಎರಡನೆಯ ದಿನ ಬಬಲೇಶ್ವರದ ಬಸ್ ಹತ್ತಿದೆ. ಕಾಕು ನನ್ನನ್ನು ಕಂಡು ಬೈಯಲಿಲ್ಲ. ಚಹಾ ಕೊಟ್ಟರು. ಅವತ್ತು ಯಾಕೆ ಹಾಗಾಯಿತು ಎಂದು ಕೇಳಿದೆ.

“ಅವ್ರಿಗೆ ಹಸರು, ಕೆಂಪು ಹುಟ್ಟಿದಾಗಿಂದನಽ ಗೊತ್ತಾಗತಿರಲಿಲ್ಲ ಬೇ. ಪಾಚಿ ಬೆಳಕೂ ಅವ್ರಿಗೆ ಹಾಲಽ. ಅದಕ್ಕಽ ನಾ ಆರಿಸಿ ಇಡತಿದ್ದೆ. ನಾ ಮಗಳ ಬಾಣಂತನಕ್ಕ ಇಲ್ಲಿ ಬಂದಾಗ ಹಾಲಿನ ಡಬ್ಬಿ ಖಾಲಿ ಆಗೇತಿ. ಆರಿಸಲಾರದ ಹೊಸ ಪಟ್ಟಿ ಮುಟ್ಟಬ್ಯಾಡ್ರಿ ಅಂತ ಹೇಳಿ ಬಂದಿದ್ದೆ. ಮುಟ್ಯಾರ.”

“ಹಿಂಗಂತ ಅವತ್ತಽ ಹೇಳಬಹುದಿತ್ತಲ್ಲ ಕಾಕು?”

“ಹೇಳಿದ್ರ ಯಾರ್ ತರ್ತಿದ್ರು ಟಾರ್ಚು? ಕುರುಡನ ಕೈಯಾಗ ಕೊಡೂದೇನು ಅಂತಿದ್ರು.” ಒಂದು ಗುಟುಕು ಕುಡಿದು ಮುಂದುವರಿಸಿದರು. “ಊರಾಗ ಗೊತ್ತಿದ್ದದ್ದು ನಿಮ್ಮಪ್ಪಾರಿಗೊಬ್ಬರಿಗಽ. ಸಾಲ್ಯಾಗ ನಕಾಶಿಗೆ ಬಣ್ಣ ತುಂಬೂ ಮುಂದ ಬಣ್ಣದ ಪೆನ್ಸಿಲ್ ಆರಿಸಿ ಕೊಡತಿದ್ದವ್ರು ಅವರಽ. ನಾ ಇಲ್ಲಿ ಬರೂ ದಿನ ಬಸ್ ಹತ್ತಿಸಿದವ್ರೂ ಅವರಽ... ಇವ್ರಿಗಿಂತ ನಿಮ್ಮಪ್ಪಾರಽ ಗಟ್ಟಿ ಇದ್ರು ಬೇ. ಆರಾಮ ಅದಾರಿಲ್ಲೊ?”

ಆರಾಮ ಇದ್ದಾರೆ ಎಂದೆ.

ಬಸ್ಸಿನಲ್ಲಿ ಅಪ್ಪನ ಪರವಾಗಿ ವಾದ ಕಟ್ಟಿದೆ. ಹೊಸ ಪಟ್ಟಿಯಿಂದ ಹಾಲಿನ ಚಿಪ್ಪೇ ಬರಬಹುದಿತ್ತು. ಅದು ಯಾರ ಕೈಯಲ್ಲೂ ಇಲ್ಲದ ಸಂಗತಿ. ಡಬ್ಬಿ ಖಾಲಿಯಾಗಿದ್ದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಗೆಳೆಯನ ಗುಟ್ಟು ನಾಲ್ಕು ಜನರ ಮುಂದೆ ಬಿಡಬಾರದೆಂದು ಸುಮ್ಮನಿದ್ದಿರಬಹುದು. ವಾದ ಗಟ್ಟಿಯಾಗಿಯೇ ಇತ್ತು. ಎದುರಿನವರು ಉರುಳಿಸುವುದು ಕಷ್ಟ. ಇಷ್ಟು ಸಲೀಸಾಗಿ ಕಟ್ಟಲಿಕ್ಕೆ ಬಂತಲ್ಲ ಎಂದು ನನಗೇ ಹೆದರಿಕೆಯಾಯಿತು. ಕಾಕಾನಿಗೆ ಇಂಥದೊಂದು ಕಟ್ಟಿಕೊಡುವವರು ಯಾರೂ ಇರಲಿಲ್ಲ. ಇನ್ನು ಕಟ್ಟಿದರೂ ಕೇಳಲು ಅವರಿಲ್ಲ.

ತಿಕೋಟಾದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ತೋಟದ ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. “ಎಲ್ಲಿಂದ ಬಂದಿ?” ಎಂದ. ಬಬಲೇಶ್ವರದಿಂದ ಎಂದೆ. ಅವನ ಕೈ ನಿಂತಿತು. ಕತ್ತರಿಯನ್ನು ಪಕ್ಕಕ್ಕಿಟ್ಟ. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತು ಕೇಳಿದೆ:

“ಅಪ್ಪಾ, ಕಾಕಾಗ ಬಣ್ಣ ಗೊತ್ತಾಗಂಗಿಲ್ಲ, ಕಾಕು ಊರಾಗಿಲ್ಲ... ಎರಡೂ ಗೊತ್ತಿದ್ದಽ ಆ ಟಾರ್ಚ್ ಒಯ್ದು ಕಾಕಾನ ಕೈಗೆ ಕೊಟ್ಟಿಯೇನು?”