ಚಳಿಗಾಲದಲ್ಲೂ ಹಸಿರಾಗಿದ್ದ ಮುಸಲಿ

ಮೊಬೈಲಿಗೆ ಈಗೀಗ ಒಂದು ಕೆಟ್ಟ ಅಭ್ಯಾಸ. ಕೇಳದಿದ್ದರೂ ಹಳೆಯ ಫೋಟೋ ತೆಗೆದು ಮುಂದೆ ಹಿಡಿಯುತ್ತದೆ. ಇವತ್ತು ಬೆಳಗ್ಗೆ ಬೋಡಕ್‌ದೇವ್ ಬಡಾವಣೆಯ ನನ್ನ ಬಾಲ್ಕನಿಯ ಎರಡು ಕುಂಡಗಳನ್ನು ತೋರಿಸಿತು. ಜನವರಿಯ ಚಿತ್ರ, ಎರಡರಲ್ಲೂ ಗಿಡ ನಳನಳಿಸುತ್ತಿದೆ. ನೋಡಿದ್ದೇ ಮೊಬೈಲನ್ನು ಮಗುಚಿ ಇಟ್ಟೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಕೆಳಗಿನ ಫ್ಲ್ಯಾಟಿನ ಕುಸುಮಾ ಮೇಡಂ ಧಾರವಾಡದವರು, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಹೋದ ಮಳೆಗಾಲದ ಕೊನೆಗೆ ಮಂಡಿ ಆಪರೇಷನ್ನಿಗೆಂದು ವಡೋದರಾದ ಮಗಳ ಮನೆಗೆ ಹೊರಟಾಗ ಎರಡು ಕುಂಡ ನನಗೆ ಒಪ್ಪಿಸಿದರು. ಒಂದು ಸ್ಪೈಡರ್ ಪ್ಲಾಂಟ್. ಪಕ್ಕದ ಸ್ಯಾಟಲೈಟ್ ಬಡಾವಣೆಯ ಯಾವ ಆಫೀಸಿಗೆ ಹೋದರೂ ಕಾಣುವಂಥದ್ದು. ಇನ್ನೊಂದು ಸಫೇದ್ ಮುಸಲಿ. ಔಷಧಿಗೆಂದು ಬೇರು ಅಗೆದು ಅಗೆದು ಕಾಡಿನಲ್ಲಿ ಅಳಿವಿನಂಚಿಗೆ ಬಂದಿರುವ ಗಿಡ ಎಂದು ಎರಡು ಸಲ ಹೇಳಿದರು. ಎರಡೂ ಒಂದೇ ಕುಲದವಂತೆ. ಎರಡಕ್ಕೂ ಹುಲ್ಲಿನಂಥ ಎಲೆ, ಪುಟ್ಟ ಬಿಳಿ ಹೂವು. ಯಾವುದು ಯಾವುದೆಂದು ತೋರಿಸಿಯೂ ಇದ್ದರು. ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಮರೆತಿತ್ತು.

ದೀಪಾವಳಿಗೆ ಮುಂಚೆ ಇಲ್ಲಿ ಇಡೀ ಅಪಾರ್ಟ್‌ಮೆಂಟ್ ಸೊಸೈಟಿ ಮನೆ ತೊಳೆಯಲು ನಿಲ್ಲುತ್ತದೆ. ಒಣಗಿದ್ದು, ಒಡೆದದ್ದು ಒಂದೂ ಉಳಿಯಬಾರದು. ಆ ಹೊತ್ತಿಗೆ ಒಂದು ಕುಂಡದ ಎಲೆಯೆಲ್ಲ ಹಳದಿಯಾಗಿ ಉದುರಿತ್ತು. ಸತ್ತದ್ದು ಸಾಮಾನ್ಯದ್ದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಮಣ್ಣುಸಮೇತ ಮಾಲಿಗೆ ಕೊಟ್ಟೆ. ಖಾಲಿ ಕುಂಡ ತೊಳೆಯುವಾಗ ತಳದಲ್ಲಿ ಮೇಡಂ ಕೈಬರಹ ಕಂಡಿತು: ಮುಸಲಿ. ಓಡಿಹೋಗಿ ಕೇಳಿದರೆ, ಆ ಮಣ್ಣನ್ನು ಹಿಂದಿನ ಗೋಡೆಯ ಪಾತಿಗೆಲ್ಲ ಹರವಿಬಿಟ್ಟೆ ಎಂದ ಮಾಲಿ.

ಆಮೇಲೆ ಮಾಡಿದ್ದು ಹೇಳಲು ನಾಚಿಕೆ. ನರ್ಸರಿಯಿಂದ ಇನ್ನೊಂದು ಸ್ಪೈಡರ್ ಪ್ಲಾಂಟ್ ತಂದು ಅದೇ ಕುಂಡದಲ್ಲಿ ನೆಟ್ಟೆ. ತಿಂಗಳಿಗೊಮ್ಮೆ ಫೋಟೋ ಕಳಿಸಿದೆ. ಅವರಿಂದ ಪ್ರತಿ ಸಲವೂ ಕೈಮುಗಿದ ಚಿಹ್ನೆಯೊಂದೇ ಬರುತ್ತಿತ್ತು. ಅದು ಮೆಚ್ಚುಗೆಯೋ ಮತ್ತೇನೋ ಅರ್ಥವಾಗುತ್ತಿರಲಿಲ್ಲ.

ಇವತ್ತು ಆ ಚಿತ್ರ ನೋಡಿದ ಮೇಲೆ ತಡೆಯಲಾಗಲಿಲ್ಲ. ಇನ್ನೂ ಮಗಳ ಮನೆಯಲ್ಲೇ ಇರುವ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಮುಸಲೀನ ನಾನು ಎಸೆದುಬಿಟ್ಟೆ. ಈಗಿರೋದು ನರ್ಸರಿಯಿಂದ ತಂದಿದ್ದು."



"ಗೊತ್ತಿತ್ತು ತಮ್ಮಾ. ಮುಸಲಿ ಚಳಿಗಾಲದಾಗ ಎಲಿ ಉದುರಿಸಿ ಮಣ್ಣಾಗ ಮಲಗತದ, ಮಳಿ ಬಿದ್ದ ಮ್ಯಾಲೆ ಚಿಗರತದ. ನೀ ಜನವರಿ ಒಳಗ ಹಸರ ಗಿಡದ ಫೋಟೋ ಕಳಿಸಿದಿ. ನೀನಾಗೇ ಹೇಳಲಿ ಅಂತ ಕಾದೆ."

ಮಲಗಿತ್ತೇ? ಹಾಗಾದರೆ ನಾನು ಎಸೆದದ್ದು ಸತ್ತಿರಲಿಲ್ಲವೇ? ಮಳೆ ಶುರುವಾಗಿ ಆಗಲೇ ವಾರವಾಗಿದೆ. ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದೆ. ಹಿಂದಿನ ಪಾತಿಯ ತುಂಬ ಹುಲ್ಲಿನಂಥ ಮೊಳಕೆಗಳು. ಯಾವುದು ಹುಲ್ಲೋ ಯಾವುದು ಮುಸಲಿಯೋ ನನಗೆ ಈಗಲೂ ಗೊತ್ತಾಗುತ್ತಿಲ್ಲ. ಕಳೆ ಕೀಳಲು ಬಂದ ಮಾಲಿಗೆ ಅಡ್ಡವಾಗಿ ನಿಂತಿದ್ದೇನೆ.